7 ತಿಂಗಳು ಶೆಡ್ಡಿನಲ್ಲಿ ನಿಂತ ಟರ್ಬೊ ಗಾಡಿ, ಆಗುಂಬೆ ಏರಿನಲ್ಲಿ ಪಿಕಪ್ ಹೋಯಿತು. ಟರ್ಬೊ ಬದಲಿಸಲೇಬೇಕಾ?

ಕಾಪು_ಕಡಲು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದು ಜಾಸ್ತಿ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ.

ನಾನು ಹಡಗಿನಲ್ಲಿ ಎಂಜಿನಿಯರ್. ಆರೇಳು ತಿಂಗಳು ನೀರಿನ ಮೇಲೆ, ಮೂರು ನಾಲ್ಕು ತಿಂಗಳು ಊರಲ್ಲಿ. ಮನೆ ಕಾಪು ಹತ್ತಿರ, ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಮೂರು ವರ್ಷದ ಹಿಂದೆ ತುಂಬಾ ಆಸೆಪಟ್ಟು ಒಂದು ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಕಾರು ತೆಗೆದುಕೊಂಡೆ. 2.0 ಲೀಟರ್ ಟರ್ಬೊ ಪೆಟ್ರೋಲ್ (ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬಿಸುವ ಸಾಮಾನು), ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, 52 ಸಾವಿರ ಕಿ.ಮೀ. ಓಡಿದೆ. ಕಂಪನಿ ಹೆಸರು ಹಾಕುವುದಿಲ್ಲ. ಹಾಕಿದರೆ ಕೆಳಗೆ ಆ ಬ್ರ್ಯಾಂಡ್ ಒಳ್ಳೆಯದಾ ಈ ಬ್ರ್ಯಾಂಡ್ ಒಳ್ಳೆಯದಾ ಅಂತ ಜಗಳ ಶುರುವಾಗಿ ನನ್ನ ಪ್ರಶ್ನೆ ಅಲ್ಲೇ ಮುಳುಗುತ್ತದೆ. ಮತ್ತೆ ಈ ಬಣ್ಣದ್ದು ನಮ್ಮ ಕಡೆ ಬಹುಶಃ ಒಂದೇ ಇರುವುದು, ಹೆಸರು ಹೇಳಿದರೆ ಇದು ನಾನೇ ಅಂತ ಚಿಕ್ಕಪ್ಪನಿಗೂ ಗೊತ್ತಾಗುತ್ತದೆ.

ವಿಷಯ ಇಷ್ಟು. ಏಪ್ರಿಲ್ ಕೊನೆಗೆ ಹಡಗು ಹತ್ತಿದೆ, ನವೆಂಬರ್ ಕೊನೆಗೆ ಇಳಿದೆ. ಗಾಡಿ ಅಷ್ಟೂ ದಿನ ಮನೆಯ ಶೆಡ್ಡಿನಲ್ಲಿ, ಮೇಲೆ ಕವರ್. ಮಳೆಗಾಲ ಪೂರ್ತಿ ಅಲ್ಲೇ. ಅಪ್ಪ ಪಾಪ ಪ್ರತಿ ಭಾನುವಾರ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುತ್ತಿದ್ದರು. ಬಂದ ಮೇಲೆ ಟಯರಿಗೆ ಗಾಳಿ ಹಾಕಿಸಿ, ತೊಳೆದು, ಹೊಸ ಪೆಟ್ರೋಲ್ ತುಂಬಿಸಿ ಎರಡು ದಿನ ಉಡುಪಿ, ಮಂಗಳೂರು ಓಡಾಡಿದೆ. ಏನೂ ತೊಂದರೆ ಇಲ್ಲ. ಮೂರನೇ ದಿನ ಬೆಳಿಗ್ಗೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ, ನಾಲ್ಕೈದು ತಿರುವು ಮೇಲೆ ಹೋಗಿದ್ದೆ ಅಷ್ಟೆ, ಒಂದೇ ಸಲ ಗಾಡಿ ಸೋತುಹೋಯಿತು. ಎಂಜಿನ್ ಲೈಟ್ ಹತ್ತಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಹಳೇ ಡೀಸೆಲ್ ಜೀಪಿನ ಹಾಗೆ ಎಳೆಯುತ್ತದೆ. ಹಿಂದೆ ಒಂದು ಬಸ್, ಹಾರ್ನ್ ಮೇಲೆ ಹಾರ್ನ್. ಹೇಗೋ ಮೇಲೆ ಹೋಗಿ ನಿಲ್ಲಿಸಿದೆ.

ಮರುದಿನ ಸರ್ವಿಸ್ ಸೆಂಟರಿಗೆ ತೆಗೆದುಕೊಂಡು ಹೋದೆ (ಎಲ್ಲಿಯದು, ಯಾರದು ಅಂತ ಕೇಳಬೇಡಿ). ಸ್ಕ್ಯಾನರ್ ಹಾಕಿದರು, ಪಿ0299 ಕೋಡ್ ಬಂತು. ನಲವತ್ತು ನಿಮಿಷದಲ್ಲಿ ತೀರ್ಪು: ಟರ್ಬೊ ಹೋಗಿದೆ, ಅಸೆಂಬ್ಲಿ ಬದಲಿಸಬೇಕು, ಕೂಲಿ ಸೇರಿ 3 ಲಕ್ಷ 80 ಸಾವಿರ, ಪಾರ್ಟ್ ಬರಲು ಮೂರು ವಾರ. ಬಾನೆಟ್ ತೆರೆದು ನೋಡಿದಿರಾ ಅಂದರೆ "ಸಿಸ್ಟಮ್ ಹೇಳುತ್ತಿದೆ ಸರ್" ಎಂದರು.

ಹಡಗಿನ ಟರ್ಬೊ ನಾನು ಬಿಚ್ಚಿ ಜೋಡಿಸಿದ್ದೇನೆ. ಅದು ಆಳೆತ್ತರದ ಸಾಮಾನು. ಕಾರಿನದ್ದು ತೆಂಗಿನಕಾಯಿ ಗಾತ್ರದ್ದು, 2 ಲಕ್ಷ ಆರ್‌ಪಿಎಂ ವರೆಗೂ ತಿರುಗುತ್ತದೆ, ನನಗೆ ಅದನ್ನು ಮುಟ್ಟಲು ಧೈರ್ಯ ಇಲ್ಲ. ಹೊಗೆ ಇಲ್ಲ, ಕಿರುಚುವ ಸದ್ದು ಇಲ್ಲ, ಎಂಜಿನ್ ಆಯಿಲ್ ಕೂಡ ಇಳಿದಿಲ್ಲ. ಮನಸ್ಸು ಒಪ್ಪುತ್ತಿಲ್ಲ. ಫೆಬ್ರವರಿಯಲ್ಲಿ ಮತ್ತೆ ಹೊರಡಬೇಕು. ಮಂಗಳೂರು, ಉಡುಪಿ ಕಡೆ ಇಂಥ ಗಾಡಿ ನೋಡಿ ಗೊತ್ತಿದ್ದವರು ಯಾರಾದರೂ ಹೇಳಿ, ಮೊದಲು ಏನು ಮಾಡಿಸಲಿ?


ಮಣಿಪಾಲ್_ಬೂಸ್ಟ್:

ಅಣ್ಣ, ಟರ್ಬೊ ಹೇಗೂ ಹೋಗಿದೆ ಅಂದಮೇಲೆ ಅದೇ ದುಡ್ಡಿಗೆ ದೊಡ್ಡ ಟರ್ಬೊ ಹಾಕಿಸಿ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು) ಮಾಡಿಸಿಬಿಡಿ. ನನ್ನ ಫ್ರೆಂಡ್ ಬೆಂಗಳೂರಲ್ಲಿ ಮಾಡಿಸಿದ್ದಾನೆ, ಸೈಲೆನ್ಸರಿನಲ್ಲಿ ಪಟಾಕಿ ಸದ್ದು ಕೂಡ ಬರುತ್ತದೆ. ಭಾರೀ ಲಾಯಿಕ್ ಉಂಟು.


ಎಣ್ಣೆಕೈ:

ಮೊದಲನೇ ಮಾತು: 3.80 ಲಕ್ಷ ಕೊಡಬೇಡಿ. ಈಗಲೇ ಕೊಡಬೇಡಿ ಅಂತ ಅರ್ಥ. ಕೊನೆಗೆ ಟರ್ಬೊವೇ ಹೋಗಿದೆ ಅಂತ ತಿಳಿದರೆ ಆಮೇಲೆ ನೋಡುವ.

ಎರಡನೇ ಮಾತು ಮಣಿಪಾಲದ ತಮ್ಮನಿಗೆ. ಕಾಯಿಲೆ ಏನು ಅಂತ ಗೊತ್ತಾಗದ ಎಂಜಿನ್ನಿಗೆ ರೀಮ್ಯಾಪ್ ಮಾಡಿಸು ಅಂತ ಯಾರಿಗೂ ಹೇಳಬೇಡ ಮಾರಾಯ. ಆ ಪಟಾಕಿ ಸದ್ದು ಹೇಗೆ ಬರುತ್ತದೆ ಗೊತ್ತುಂಟಾ? ಸಿಲಿಂಡರಿನಲ್ಲಿ ಉರಿಯಬೇಕಾದ ಪೆಟ್ರೋಲನ್ನು ಬೇಕೆಂದೇ ಎಕ್ಸಾಸ್ಟಿಗೆ ಬಿಟ್ಟು ಅಲ್ಲಿ ಉರಿಸುವುದು. ಅದರ ಬಿಸಿ ತಿನ್ನುವುದು ಯಾರು? ಟರ್ಬೊದ ರೆಕ್ಕೆ ಮತ್ತೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಎರಡು ವರ್ಷದ ನಂತರ ಬರುತ್ತೀ, ಆಗ ಮಾತಾಡುವ.

ನಾನು ಬೈಕಂಪಾಡಿ ಕಡೆ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷದ ಮೇಲಾಯಿತು. ಮೊದಲು ಮಾರುತಿ 800, ಅಂಬಾಸಿಡರ್, ಈಗ ಹತ್ತು ವರ್ಷದಿಂದ ಜರ್ಮನ್ ಗಾಡಿಗಳೇ ಜಾಸ್ತಿ. ಹಳೇ 800ರಲ್ಲಿ 796 ಸಿಸಿಗೆ 40 ಹಾರ್ಸ್‌ಪವರ್ ಕೂಡ ಇರಲಿಲ್ಲ. ಮರ್ಸಿಡಿಸ್ ಎಎಂಜಿ ಎ45 ಎಸ್ ನೋಡಿ, 2.0 ಲೀಟರಿನ ನಾಲ್ಕೇ ಸಿಲಿಂಡರಿನಲ್ಲಿ 421. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2017ರಲ್ಲಿ ಬಂದಾಗ ಅದೇ 2.0 ಲೀಟರಿಗೆ 230, 2020ರಲ್ಲಿ 200 ಗಾಡಿ ಮಾತ್ರ ತಂದಾಗ 245. ಇಷ್ಟು ಶಕ್ತಿ ಹಿಂಡುವುದು ಗಾಳಿಯನ್ನು ಒತ್ತಿ ತುಂಬಿಸಿಯೇ. ಗಾಳಿಯ ದಾರಿಯಲ್ಲಿ ಎಲ್ಲಿ ಸಣ್ಣ ತಪ್ಪಾದರೂ ಗಾಡಿಗೆ ಗೊತ್ತಾಗುತ್ತದೆ, ಗೊತ್ತಾದ ಕೂಡಲೇ ತನ್ನ ಜೀವ ಉಳಿಸಿಕೊಳ್ಳಲು ಪವರ್ ಇಳಿಸುತ್ತದೆ. ನಿಮಗೆ ಘಾಟಿಯಲ್ಲಿ ಆದದ್ದು ಅದೇ. ಲಿಂಪ್ ಮೋಡ್ ಅನ್ನುತ್ತಾರೆ.

ಪಿ0299 ಅಂದರೆ ಟರ್ಬೊ ಹೋಗಿದೆ ಅಂತ ಅಲ್ಲ. ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇಷ್ಟು ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಕೇಳಿತು, ಅಷ್ಟು ಸಿಗಲಿಲ್ಲ. ಇಷ್ಟೇ ಅದರ ಅರ್ಥ. ನಿಮ್ಮ ಕಡೆ ತೋಟ ಇದ್ದರೆ ಹೀಗೆ ಯೋಚಿಸಿ, ಪಂಪ್ ಓಡುತ್ತದೆ, ತುದಿಯ ಸ್ಪ್ರಿಂಕ್ಲರಿನಲ್ಲಿ ನೀರು ಹಾರುವುದಿಲ್ಲ. ಕೂಡಲೇ ಹೊಸ ಪಂಪ್ ತರುತ್ತೀರಾ, ಅಥವಾ ಪೈಪ್ ಎಲ್ಲಿ ಒಡೆದಿದೆ, ಯಾವ ವಾಲ್ವ್ ಅರ್ಧ ತೆರೆದುಕೊಂಡಿದೆ ಅಂತ ತೋಟ ಒಂದು ಸುತ್ತು ಬರುತ್ತೀರಾ?

ಆ ಸುತ್ತು ಹೇಗೆ ಅಂದರೆ, ಮೊದಲು ಸ್ಮೋಕ್ ಟೆಸ್ಟ್. ಏರ್ ಫಿಲ್ಟರ್ ಕಡೆಯ ಪೈಪಿನಿಂದ ಕಡಿಮೆ ಒತ್ತಡದಲ್ಲಿ ಹೊಗೆ ಬಿಡುವುದು, ಎಲ್ಲಿ ಸೋರುತ್ತದೋ ಅಲ್ಲಿ ಹೊಗೆ ಬರುತ್ತದೆ, ಅರ್ಧ ಗಂಟೆ ಕೆಲಸ, ನಮ್ಮಲ್ಲಿ ಎರಡು ಸಾವಿರದೊಳಗೆ. ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರಿನ ಹೋಸ್ ಬಿರುಕು ಬಿಟ್ಟಿರುತ್ತದೆ, ಇಲ್ಲ ಅದರ ಕ್ಲಿಪ್ ಸರಿಯಾಗಿ ಕೂತಿರುವುದಿಲ್ಲ, ಇಲ್ಲ ಒಳಗಿನ ಓ ರಿಂಗ್ ಒಣಗಿರುತ್ತದೆ. ಆಮೇಲೆ ಹೆಚ್ಚಾದ ಗಾಳಿಯನ್ನು ವಾಪಸ್ ತಿರುಗಿಸುವ ಡೈವರ್ಟರ್ ವಾಲ್ವ್, ಅದರ ರಬ್ಬರ್ ಹರಿದರೂ ಇದೇ ಕೋಡ್. ಆಮೇಲೆ ವೇಸ್ಟ್‌ಗೇಟ್. ಬೂಸ್ಟ್ ಸೆನ್ಸರ್ ಮತ್ತು ಅದರ ಪಿನ್. ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೂ ಹೀಗೇ ಆಗುತ್ತದೆ, ಅದು ಅಪರೂಪ. ಕೊನೆಗೆ ಟರ್ಬೊದ ಬಾಯಿ ಬಿಚ್ಚಿ ಕೈಯಲ್ಲಿ ರೆಕ್ಕೆ ತಿರುಗಿಸಿ ನೋಡುವುದು. ಅಡ್ಡಕ್ಕೆ ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ. ಹಿಂದೆ ಮುಂದೆ ಅಲುಗಿದರೆ, ರೆಕ್ಕೆ ಗೋಡೆಗೆ ತಾಗಿ ಉಜ್ಜಿದ ಗುರುತಿದ್ದರೆ ಟರ್ಬೊ ಮುಗಿಯಿತು ಅಂತ ಲೆಕ್ಕ. ಪೈಪಿನಲ್ಲಿ ತೆಳುವಾಗಿ ಎಣ್ಣೆ ಪಸೆ ಕಂಡರೆ ಹೆದರಬೇಡಿ, ಅದು ಎಲ್ಲದರಲ್ಲೂ ಇರುತ್ತದೆ.

ನಿಮ್ಮ ಮಾತು ಕೇಳಿದರೆ ನನಗೆ ಹೋಸ್ ಮೇಲೆ ಅನುಮಾನ. ಒಂದು ಕೇಳುತ್ತೇನೆ. ಘಾಟಿಯಲ್ಲಿ ನಿಂತ ಮೇಲೆ ಏನಾಯಿತು? ಪವರ್ ತಿರುಗಿ ಬಂತಾ, ಅಥವಾ ಕಾಪುವಿನ ತನಕ ಹಾಗೇ ಬಂದಿರಾ?


ಕಾಪು_ಕಡಲು:

ಒಳ್ಳೆ ಪ್ರಶ್ನೆ, ನಾನೇ ಬರೆಯಬೇಕಿತ್ತು. ಮೇಲೆ ಹೋಗಿ ಸನ್‌ಸೆಟ್ ಪಾಯಿಂಟ್ ಹತ್ತಿರ ನಿಲ್ಲಿಸಿ, ಚಹಾ ಕುಡಿದು, ಸುಮಾರು ಮುಕ್ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದೆ. ಲೈಟ್ ಹಾಗೇ ಇತ್ತು, ಆದರೆ ಪವರ್ ಪೂರ್ತಿ ಬಂದಿತ್ತು! ಇಳಿಯುವಾಗ ಹೇಗೂ ಗೊತ್ತಾಗುವುದಿಲ್ಲ. ಮಣಿಪಾಲದ ತನಕ ಸರಿ ಇತ್ತು. ಮರುದಿನ ಉಡುಪಿಯಿಂದ ಮಣಿಪಾಲಕ್ಕೆ ಇಂದ್ರಾಳಿ ಏರಿನಲ್ಲಿ ಸ್ವಲ್ಪ ಜೋರಾಗಿ ತುಳಿದಾಗ ಮತ್ತೆ ಹೋಯಿತು. ಮತ್ತೆ ತಣ್ಣಗಾದ ಮೇಲೆ ಸರಿ. ನಿಧಾನಕ್ಕೆ ಓಡಿಸಿದರೆ ಇಡೀ ದಿನ ಏನೂ ಇಲ್ಲ.


ಎಣ್ಣೆಕೈ:

ಹಾಗಾದರೆ ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಹೋಸ್ ಅಲ್ಲ. ಹರಿದ ಹೋಸ್ ಚಹಾ ಕುಡಿದು ಬರುವಷ್ಟರಲ್ಲಿ ತಾನಾಗಿ ಹೊಲಿದುಕೊಳ್ಳುವುದಿಲ್ಲ. ರೆಕ್ಕೆ ಮುರಿದ ಟರ್ಬೊ ಕೂಡ ಗುಣ ಆಗುವುದಿಲ್ಲ. ಬಿಸಿಯಾದಾಗ ಹಿಡಿದುಕೊಂಡು, ತಣ್ಣಗಾದಾಗ ಬಿಡುವ ಸಾಮಾನು ಯಾವುದು? ವೇಸ್ಟ್‌ಗೇಟ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟರ್ಬೊವನ್ನು ತಿರುಗಿಸುವುದು ಎಕ್ಸಾಸ್ಟಿನ ಬಿಸಿ ಗಾಳಿ. ಬೂಸ್ಟ್ ಸಾಕಾದಾಗ ಆ ಗಾಳಿಯನ್ನು ರೆಕ್ಕೆಗೆ ಕೊಡದೆ ಪಕ್ಕದಿಂದ ಹೊರಗೆ ಬಿಡಲು ಒಂದು ಸಣ್ಣ ಬಾಗಿಲು ಇರುತ್ತದೆ. ಅದೇ ವೇಸ್ಟ್‌ಗೇಟ್. ಅದನ್ನು ಒಂದು ಸರಳು ಎಳೆದು ತಳ್ಳುತ್ತದೆ. ಸರಳಿನ ತುದಿಯಲ್ಲಿ ಹಳೇ ಮಾದರಿಯಲ್ಲಿ ಗಾಳಿ ಡಬ್ಬಿ, ಹೊಸದರಲ್ಲಿ ಎಲೆಕ್ಟ್ರಿಕ್ ಮೋಟಾರ್. ನಿಮ್ಮದು ಡಬ್ಬಿಯದ್ದು ಇರಬೇಕು, ಮೋಟಾರಿನದ್ದಾದರೆ ಸಾಮಾನ್ಯವಾಗಿ ಬಾಗಿಲು ಎಲ್ಲಿ ನಿಂತಿದೆ ಅಂತ ಅದೇ ಇನ್ನೊಂದು ಕೋಡ್ ಕೊಡುತ್ತದೆ. ಜೋರಾಗಿ ಏರು ಹತ್ತುವಾಗ ಬಾಗಿಲು ತೆರೆಯಿತು, ತುಕ್ಕು ಹಿಡಿದ ಬುಷ್ಷಿನಲ್ಲಿ (ಶಾಫ್ಟ್ ಕೂರುವ ಲೋಹದ ಬಳೆ) ಬಿಸಿಗೆ ಶಾಫ್ಟ್ ಹಿಗ್ಗಿ ಅಲ್ಲೇ ಸಿಕ್ಕಿಕೊಂಡಿತು, ವಾಪಸ್ ಮುಚ್ಚಲಿಲ್ಲ. ಆಮೇಲೆ ನೀವು ಎಷ್ಟು ತುಳಿದರೂ ಗಾಳಿ ಪಕ್ಕದಿಂದ ಹೋಗುತ್ತದೆ. ತಣ್ಣಗಾದ ಮೇಲೆ ಸ್ಪ್ರಿಂಗ್ ಅದನ್ನು ಎಳೆದುಕೊಂಡಿತು. ನಿಧಾನಕ್ಕೆ ಓಡಿಸುವಾಗ ಬಾಗಿಲು ತೆರೆಯುವ ಪ್ರಮೇಯವೇ ಬರುವುದಿಲ್ಲ, ಹಾಗಾಗಿ ಎರಡು ದಿನ ನಿಮಗೆ ಗೊತ್ತಾಗಲಿಲ್ಲ.

ತುಕ್ಕು ಎಲ್ಲಿಂದ ಬಂತು? ಉಪ್ಪು ಗಾಳಿ ಒಂದು. ಇನ್ನೊಂದು ಹೇಳಿದರೆ ನಿಮಗೆ ಬೇಜಾರಾಗಬಹುದು, ನಿಮ್ಮ ಅಪ್ಪನಿಗೆ ದಯವಿಟ್ಟು ಇದನ್ನು ತೋರಿಸಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹಬೆಯಾಗಿ ಸೈಲೆನ್ಸರಿನಿಂದ ಹೊರಗೆ ಬರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಓಡಿದರೆ ಅದು ಹೊರಗೆ ಹೋಗುತ್ತದೆ. ಐದು ನಿಮಿಷ ನಿಂತಲ್ಲೇ ಓಡಿಸಿ ಆಫ್ ಮಾಡಿದರೆ ಆ ಹಬೆ ತಣ್ಣಗಿನ ಕಬ್ಬಿಣಕ್ಕೆ ತಾಗಿ ನೀರಾಗಿ ಒಳಗೇ ಕೂತುಕೊಳ್ಳುತ್ತದೆ. ವಾರಕ್ಕೊಮ್ಮೆ, ಏಳು ತಿಂಗಳು. ಜುಲೈ ತಿಂಗಳಲ್ಲಿ ನಮ್ಮ ಕಡೆ ಕೊಡೆಗೇ ಬೂಸು ಬರುತ್ತದೆ, ಅದು ಒಣಗುವುದಾದರೂ ಯಾವಾಗ? ಮತ್ತೆ ತಣ್ಣಗಿನ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲಿಗೆ ಸೇರುತ್ತದೆ. ಆಯಿಲ್ ಇಳಿದಿಲ್ಲ ಅಂದಿರಲ್ಲ, ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬರುತ್ತದಾ ಅಂತ.

ನಿಜ ಹೇಳಬೇಕಾದರೆ ನಮ್ಮಲ್ಲಿಗೆ ಬರುವ ಇಂಥ ದೊಡ್ಡ ಗಾಡಿಗಳಲ್ಲಿ ಜೋರಾಗಿ ಓಡಿಸಿ ಹಾಳಾದವು ಕಡಿಮೆ. ನಿಲ್ಲಿಸಿ ಹಾಳಾದವೇ ಜಾಸ್ತಿ. ದುಬೈ, ದೋಹಾ, ಕುವೈತಿನಲ್ಲಿ ಇರುವವರು, ವರ್ಷಕ್ಕೆ ಒಂದು ತಿಂಗಳು ಬರುವುದು, ಉಳಿದ ಹನ್ನೊಂದು ತಿಂಗಳು ಗಾಡಿ ಪೋರ್ಟಿಕೋದಲ್ಲಿ. ಬಂದ ದಿನವೇ ಕೀ ತಿರುಗಿಸಿ ಮದುವೆಗೆ ಹೋಗಬೇಕು. ಬ್ಯಾಟರಿ ಸತ್ತಿರುತ್ತದೆ, ಅದು ಸಣ್ಣದು. ಅರ್ತಿಂಗ್ ಪಾಯಿಂಟುಗಳಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ, ಅದರಿಂದ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ, ಹತ್ತು ಲೈಟ್ ಒಟ್ಟಿಗೆ, ಒಂದು ಬೋಲ್ಟ್ ಬಿಚ್ಚಿ ಉಜ್ಜಿ ಹಾಕಿದರೆ ಎಲ್ಲ ಆರುತ್ತದೆ, ಅದು ಗೊತ್ತಿಲ್ಲದೆ ಮೂರು ಮಾಡ್ಯೂಲ್ ಬದಲಿಸಿಕೊಂಡು ಬಂದವರೂ ಇದ್ದಾರೆ. ಬಾನೆಟ್ ಒಳಗಿನ ಸ್ಪಂಜಿನಲ್ಲಿ ಹೆಗ್ಗಣ ಬಾಣಂತನ ಮಾಡಿರುತ್ತದೆ. ಬ್ರೇಕ್ ಡಿಸ್ಕಿಗೆ ಪ್ಯಾಡ್ ಅಂಟಿಕೊಂಡಿರುತ್ತದೆ. ಒಬ್ಬರು ಆರು ಸಿಲಿಂಡರಿನ ಗಾಡಿ, 500 ನ್ಯೂಟನ್ ಮೀಟರ್ ಟಾರ್ಕ್, ಹ್ಯಾಂಡ್‌ಬ್ರೇಕ್ ಹಾಕಿ ಹೋಗಿದ್ದರು, ವಾಪಸ್ ಬಂದು ತುಳಿದಾಗ ಹಿಂದಿನ ಪ್ಯಾಡಿನ ಲೈನಿಂಗ್ ಡಿಸ್ಕಿನಲ್ಲೇ ಉಳಿದು ಬರೀ ತಗಡು ಕೈಗೆ ಬಂತು. ಅವರ ಗಾಡಿಯ ಮೀಟರ್ 19 ಸಾವಿರ ಕಿ.ಮೀ. "ಓಡಿಸಿಯೇ ಇಲ್ಲ ಮಾರಾಯ್ರೆ, ಹೇಗೆ ಹಾಳಾಗುತ್ತದೆ" ಅಂತ ನನ್ನ ಹತ್ತಿರ ಜಗಳ.

ನಿಮ್ಮ ಗಾಡಿ ರ‍್ಯಾಂಪಿಗೆ ಹಾಕಿಸಿ. ಹೀಟ್ ಶೀಲ್ಡ್ ಬಿಚ್ಚಿ, ಡಬ್ಬಿಗೆ ಕೈ ಪಂಪಿನಲ್ಲಿ ಗಾಳಿ ಕೊಟ್ಟು ಸರಳು ಹೋಗಿ ಬರುತ್ತದಾ ನೋಡಲಿ. ಹೋಗುವುದು ಮುಖ್ಯ ಅಲ್ಲ, ವಾಪಸ್ ಬರುವುದು ಮುಖ್ಯ.


ಕೊಟ್ಟಾರದ_ನೆರೆ:

ಇದಕ್ಕೂ ಪ್ರಶ್ನೆಗೂ ಅಷ್ಟು ಸಂಬಂಧ ಇಲ್ಲ, ಆದರೂ ಊರಿಗೆ ಬರುವ ಗಲ್ಫಿನವರು, ಹಡಗಿನವರು ಓದುತ್ತಾರೆ ಅಂತ ಬರೆಯುತ್ತೇನೆ. ನನ್ನದೂ ಒಂದು ತಗ್ಗಿನ ಟರ್ಬೊ ಗಾಡಿ. ಎರಡು ವರ್ಷದ ಹಿಂದೆ ಜೂನಿನಲ್ಲಿ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿತ್ತು, ಎಲ್ಲ ಮಳೆಗಾಲದಲ್ಲೂ ನಿಲ್ಲುತ್ತದೆ ಬಿಡಿ. ಮುಂದೆ ಒಂದು ಆಟೋ ಆರಾಮಾಗಿ ದಾಟಿತು. ನಾನೂ ಹೋದೆ. ಆಟೋದ ಎಂಜಿನ್ ಹಿಂದೆ, ಮೇಲೆ ಇರುತ್ತದೆ, ನನ್ನದರ ಗಾಳಿ ಎಳೆಯುವ ಬಾಯಿ ಮುಂದಿನ ಗ್ರಿಲ್ಲಿನ ಹಿಂದೆ, ಮೊಣಕಾಲಿನ ಎತ್ತರಕ್ಕೆ. ಅಷ್ಟರಲ್ಲಿ ಎದುರಿನಿಂದ ಬಸ್ ಬಂದು ಅಲೆ ಎಬ್ಬಿಸಿತು. ಟಪ್ ಅಂತ ಆಫ್.

ಅಲ್ಲಿಗೆ ಬಿಟ್ಟಿದ್ದರೆ ಉಳಿಯುತ್ತಿತ್ತೋ ಏನೋ. ಹಿಂದಿನವರ ಹಾರ್ನಿಗೆ ಹೆದರಿ ನಾನು ಮತ್ತೆ ಎರಡು ಸಲ ಸ್ಟಾರ್ಟ್ ಬಟನ್ ಒತ್ತಿದೆ. ಗಾಳಿಯನ್ನಾದರೆ ಪಿಸ್ಟನ್ ಒತ್ತುತ್ತದೆ, ನೀರನ್ನು ಒತ್ತಲು ಆಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗಿತು. ಇನ್ಶೂರೆನ್ಸಿನವರು ಎಂಜಿನ್ ಪ್ರೊಟೆಕ್ಟ್ ಆಡ್ ಆನ್ ತೆಗೆದುಕೊಂಡಿಲ್ಲ ಅಂತ ಕೈ ತೊಳೆದುಕೊಂಡರು, ಪಾಲಿಸಿ ಮಾಡಿಸುವಾಗ ಅದಕ್ಕೆ ಕೇಳಿದ ಕೆಲವು ಸಾವಿರ ಉಳಿಸಿದ ಜಾಣ ನಾನೇ. ಆ ಎಂಜಿನ್ ಬಿಲ್ಲಿನಲ್ಲಿ ಒಂದು ಹೊಸ ಸ್ವಿಫ್ಟ್ ಬರುತ್ತಿತ್ತು. ನೀರಿನಲ್ಲಿ ಆಫ್ ಆದರೆ ಬಟನ್ ಮುಟ್ಟಬೇಡಿ, ತಳ್ಳಿಸಿ.


ಮಣಿಪಾಲ್_ಬೂಸ್ಟ್:

ಸರಿ ಎಣ್ಣೆಕೈ ಅಣ್ಣ, ತಪ್ಪಾಯಿತು. ಪಟಾಕಿ ಮಾತು ವಾಪಸ್. ಒಂದು ಸಣ್ಣ ಡೌಟ್ ಉಂಟು, ಬೇರೆ ಥ್ರೆಡ್ ತೆಗೆಯಬೇಕಾ ಗೊತ್ತಿಲ್ಲ. ನನ್ನದು 7 ಗೇರಿನ ಡ್ರೈ ಡ್ಯುಯಲ್ ಕ್ಲಚ್ ಇರುವ ಸಣ್ಣ ಟರ್ಬೊ. ಮಂಗಳೂರಿಗೆ ಹೋದಾಗ ನಂತೂರು, ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಇಂಚು ಇಂಚು ಹೋದ ಮೇಲೆ ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಗುತ್ತದೆ. ಆಯಿಲ್ ಬದಲಿಸಿದರೆ ಸರಿ ಹೋಗುತ್ತದಾ?


ಎಣ್ಣೆಕೈ:

ಡ್ರೈ ಅಂದರೆ ಹೆಸರೇ ಹೇಳುತ್ತದೆ, ಕ್ಲಚ್ ಪ್ಲೇಟಿಗೆ ಎಣ್ಣೆಯ ಸ್ನಾನ ಇಲ್ಲ, ಗಾಳಿಯಲ್ಲೇ ತಣ್ಣಗಾಗಬೇಕು. ಆಯಿಲ್ ಬದಲಿಸಿ ಕ್ಲಚ್ ಸರಿ ಆಗುವುದಿಲ್ಲ. 6 ಗೇರಿನ ವೆಟ್ ಕ್ಲಚ್ ಇದ್ದರೆ 60 ಸಾವಿರ ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಿಸಲೇಬೇಕು, ಅದು ಬೇರೆ ಕಥೆ, ಅದಕ್ಕೇ ದೊಡ್ಡ ಪವರಿನ ಗಾಡಿಗಳಿಗೆ ವೆಟ್ ಹಾಕುವುದು.

ಟ್ರಾಫಿಕ್ಕಿನಲ್ಲಿ ಬ್ರೇಕನ್ನು ಅರ್ಧ ಬಿಟ್ಟು ತೆವಳಿಸುವುದು ನಿಲ್ಲಿಸು. ಆಗ ಕ್ಲಚ್ ಪೂರ್ತಿ ಹಿಡಿದಿರುವುದಿಲ್ಲ, ಪೂರ್ತಿ ಬಿಟ್ಟಿರುವುದೂ ಇಲ್ಲ, ಉಜ್ಜುತ್ತಲೇ ಇರುತ್ತದೆ. ಎದುರಿನ ಗಾಡಿ ಎರಡು ಕಾರಿನಷ್ಟು ಮುಂದೆ ಹೋಗಲಿ, ಆಮೇಲೆ ಒಂದೇ ಸಲ ಹೋಗಿ ಪೂರ್ತಿ ಬ್ರೇಕ್ ಹಿಡಿ. ಮಧ್ಯದಲ್ಲಿ ಯಾರಾದರೂ ಸ್ಕೂಟರ್ ನುಗ್ಗಿಸುತ್ತಾರೆ, ನುಗ್ಗಿಸಲಿ. ಬಂದಾಗ ಕ್ಲಚ್ ಅಡಾಪ್ಟೇಶನ್ (ಕ್ಲಚ್ ಹಿಡಿಯುವ ಜಾಗವನ್ನು ಸ್ಕ್ಯಾನರಿನಲ್ಲಿ ಮತ್ತೆ ಕಲಿಸುವುದು) ಮಾಡಿ ನೋಡುವ. ಪ್ಲೇಟ್ ಎಷ್ಟು ಉಳಿದಿದೆ ಅಂತ ಆಗ ಗೊತ್ತಾಗುತ್ತದೆ.


ಹಳೇ_ಓಮ್ನಿ:

ಇದನ್ನೆಲ್ಲ ಓದಿ ನನ್ನ 1999ರ ಓಮ್ನಿಗೆ ಹೋಗಿ ಒಂದು ಮುತ್ತು ಕೊಟ್ಟು ಬಂದೆ. ಅಲ್ಲ ಮಾರಾಯ್ರೆ, ಹೆದ್ದಾರಿ 66ರಲ್ಲಿ ಮಳೆಗಾಲದ ಗುಂಡಿ, ಒಳಗಿನ ರಸ್ತೆಯಲ್ಲಿ ದನ, ಪೇಟೆಯಲ್ಲಿ ಸಿಟಿ ಬಸ್. 18 ಇಂಚಿನ ರಿಮ್ಮಿಗೆ ಉದ್ದಿನ ಹಪ್ಪಳದಂಥ ಟಯರ್ ಹಾಕಿ ಎಲ್ಲಿಗೆ ಹೋಗುತ್ತೀರಿ? ಸುಮ್ನೆ ಕೇಳಿದೆ, ಬೇಜಾರು ಮಾಡಬೇಡಿ.


ಕಾಪು_ಕಡಲು:

ಓಮ್ನಿಯವರೇ, ಉತ್ತರ ನನ್ನ ಹತ್ತಿರ ಇಲ್ಲ. ಆರು ತಿಂಗಳು ಎಂಜಿನ್ ರೂಮಿನಲ್ಲಿ ನಿಮಿಷಕ್ಕೆ ನೂರು ಸುತ್ತು ತಿರುಗುವ ಎಂಜಿನ್ ನೋಡಿ ಬಂದವನಿಗೆ ಆರೂವರೆ ಸಾವಿರಕ್ಕೆ ಹೋಗುವ ಎಂಜಿನ್ನಿನ ಸದ್ದು ಕೇಳಬೇಕು ಅನಿಸುತ್ತದೆ, ಅಷ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಎಣ್ಣೆಕೈಯವರ ಹತ್ತಿರವೇ ಹೋಗಬೇಕು ಅಂತ ಇತ್ತು, ಅವರು ರಜೆಯಲ್ಲಿ ಇದ್ದರು, ಹಾಗಾಗಿ ಉಡುಪಿಯಲ್ಲೇ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಮೇಸ್ತ್ರಿಗೆ ಈ ಥ್ರೆಡ್ಡನ್ನೇ ಮೊಬೈಲಿನಲ್ಲಿ ತೋರಿಸಿದೆ. ಅವರು ಕನ್ನಡಕ ಹಾಕಿ ಪೂರ್ತಿ ಓದಿ, "ಈ ಜನ ಬೈಕಂಪಾಡಿಯವರಾ, ಕೆಲಸ ಗೊತ್ತುಂಟು" ಅಂದರು. ಮೊದಲು ಸ್ಮೋಕ್ ಟೆಸ್ಟ್, ಎಲ್ಲೂ ಸೋರಿಕೆ ಇಲ್ಲ. ಟರ್ಬೊ ಬಾಯಿ ಬಿಚ್ಚಿ ನನ್ನ ಕೈಯಿಂದಲೇ ರೆಕ್ಕೆ ತಿರುಗಿಸಿದರು, ಗಾಳಿಪಟದ ಚಕ್ರದಷ್ಟು ಹಗುರ. ಆಮೇಲೆ ರ‍್ಯಾಂಪ್ ಮೇಲೆ ಹಾಕಿ, ಡಬ್ಬಿಗೆ ಕೈ ಪಂಪ್ ಜೋಡಿಸಿದರು. ಗಾಳಿ ಕೊಟ್ಟಾಗ ಸರಳು ಸರಿಯಾಗಿ ಹೊರಗೆ ಬಂತು. ಗಾಳಿ ಬಿಟ್ಟಾಗ ಅರ್ಧ ಒಳಗೆ ಹೋಗಿ ನಿಂತಿತು! ಕೈಯಲ್ಲಿ ಸ್ವಲ್ಪ ತಟ್ಟಿದ ಮೇಲೆ ಟಕ್ ಅಂತ ಪೂರ್ತಿ ಹೋಯಿತು.

ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಹಡಗಿನಲ್ಲಿ ನಿಂತ ಎಂಜಿನ್ ಅನ್ನು ಸುಮ್ಮನೆ ಬಿಡುವುದಿಲ್ಲ, ಆಯಿಲ್ ಪಂಪ್ ಓಡಿಸಿ, ಟರ್ನಿಂಗ್ ಗೇರ್ ಹಾಕಿ ಆಗಾಗ ತಿರುಗಿಸುತ್ತೇವೆ, ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇವೆ. ಯಾರದೋ ಹಡಗಿಗೆ ಅಷ್ಟು ಮಾಡುವವನು ನನ್ನ ಸ್ವಂತ ಗಾಡಿಗೆ ಕವರ್ ಹಾಕಿ ಹೋಗಿದ್ದೆ.

ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಾತ್ರಿ ಬಿಟ್ಟು, ಬೆಳಿಗ್ಗೆ ಎಂಜಿನ್ ಬಿಸಿ ಮಾಡಿ ಮತ್ತೆ ಹಾಕಿ, ಪಂಪಿನಲ್ಲಿ ಹೋಗಿ ಬಂದು ಹೋಗಿ ಬಂದು ಒಂದೂವರೆ ದಿನ. ಹುಡುಗ ಒಬ್ಬ ನೂರು ಸಲ ಆಯಿತು ಅಂತ ಎಣಿಸುತ್ತಿದ್ದ. ಕೊನೆಗೆ ಬೆಣ್ಣೆಯ ಹಾಗೆ ಹೋಗಿ ಬರಲು ಶುರುವಾಯಿತು. ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಇದ್ದದ್ದು ನಿಜ, ಬದಲಿಸಿದೆವು. ಬ್ರೇಕ್ ಫ್ಲೂಯಿಡ್ ಕೂಡ ಬದಲಿಸಿದರು, ಮೂರು ವರ್ಷ ಆಗಿತ್ತು. ಅದು ಗಾಳಿಯ ತೇವ ಕುಡಿಯುತ್ತದೆ, ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿರುವಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಸೇರಿದ್ದಕ್ಕೆ 155 ಸಾಕು ಎಂದು ಮೇಸ್ತ್ರಿ ಹೇಳಿದಾಗ, ಆಗುಂಬೆ ಇಳಿಯುವಾಗ ಪೆಡಲ್ ಸ್ವಲ್ಪ ಮೆತ್ತಗಾಗಿದ್ದು ನೆನಪಾಗಿ ಬೆನ್ನಲ್ಲಿ ತಣ್ಣಗಾಯಿತು.

ಒಟ್ಟು ಬಿಲ್ 16,200. ಅದರಲ್ಲಿ ಆಯಿಲ್, ಫಿಲ್ಟರೇ ಅರ್ಧ.

ನಿನ್ನೆ ಸ್ಕ್ಯಾನರ್ ಹಾಕಿಕೊಂಡು ಮೇಸ್ತ್ರಿಯ ಹುಡುಗನನ್ನು ಪಕ್ಕದಲ್ಲಿ ಕೂರಿಸಿ ಅದೇ ಇಂದ್ರಾಳಿ ಏರು ಹತ್ತಿದೆ. ಕೇಳಿದ ಬೂಸ್ಟ್, ಸಿಕ್ಕಿದ ಬೂಸ್ಟ್ ಎರಡೂ ಗೆರೆ ಒಂದರ ಮೇಲೆ ಒಂದು. ಇವತ್ತು ಆಗುಂಬೆ. ಮೇಲೆ ತನಕ ಒಂದು ಸಲವೂ ಸೋಲಲಿಲ್ಲ. ಇನ್ನೊಂದು ವರ್ಷಕ್ಕೆ ಮತ್ತೆ ಹಿಡಿದುಕೊಳ್ಳಬಹುದು, ಬುಷ್ ಸವೆದಿದೆ, ಆಗ ಟರ್ಬೊ ಬಿಚ್ಚಿ ಬುಷ್ ಹಾಕಿಸಬೇಕಾಗುತ್ತದೆ ಅಂತ ಮೇಸ್ತ್ರಿ ಮೊದಲೇ ಹೇಳಿದ್ದಾರೆ. ಸರಿ, ಆಗ ನೋಡುವ.

ಈಗ ಫೆಬ್ರವರಿಗೆ ಏನು ಮಾಡಲಿ? ಬ್ಯಾಟರಿಗೆ ಟ್ರಿಕಲ್ ಚಾರ್ಜರ್ (ಸ್ವಲ್ಪ ಸ್ವಲ್ಪವೇ ಚಾರ್ಜ್ ಕೊಡುತ್ತಿರುವುದು) ತಂದೆ. ಟ್ಯಾಂಕ್ ತುಂಬಿಸಿ ಇಡುತ್ತೇನೆ. ಹ್ಯಾಂಡ್‌ಬ್ರೇಕ್ ಬದಲು ಚಕ್ರಕ್ಕೆ ಕಲ್ಲು. ಅಪ್ಪನಿಗೆ ಭಾನುವಾರ ಸ್ಟಾರ್ಟ್ ಮಾಡುವುದು ಬೇಡ, ಓಡಿಸುವುದಾದರೆ ಓಡಿಸಿ ಅಂದೆ. "ಆ ಗುಂಡಿಯಲ್ಲಿ ಕೂತರೆ ನನಗೆ ಏಳಲು ಇಬ್ಬರು ಬೇಕು" ಅಂದರು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಭಾವ ಬಂದು ಪಡುಬಿದ್ರಿ ದಾಟಿ ಮುಲ್ಕಿ ತನಕ ಹೋಗಿ ಬರುವುದು ಅಂತ ಮಾತಾಗಿದೆ. ಭಾವ ಎಷ್ಟು ಖುಷಿಯಲ್ಲಿ ಒಪ್ಪಿಕೊಂಡರು ಅಂದರೆ ಈಗ ನನಗೆ ಬೇರೆ ಹೆದರಿಕೆ ಶುರುವಾಗಿದೆ. ಇಂಥ ಗಾಡಿಗೆ 80ರ ಮೇಲೆ ಹೋಗದ ಹಾಗೆ ಸ್ಕ್ಯಾನರಿನಲ್ಲಿ ಲಾಕ್ ಹಾಕಲು ಆಗುತ್ತದಾ?


ಎಣ್ಣೆಕೈ:

ಕೆಲವಕ್ಕೆ ಹಾಕಬಹುದು. ಆದರೆ ಹಾಕಬೇಡಿ. ಮೊದಲ ಹತ್ತು ನಿಮಿಷ, ಎಂಜಿನ್ ಬಿಸಿಯಾಗುವ ತನಕ, ನಿಧಾನಕ್ಕೆ ಹೋಗಲಿ. ಆಮೇಲೆ ಜಾಗ ನೋಡಿ ನಾಲ್ಕೈದು ಸಲ ಚೆನ್ನಾಗಿ ತುಳಿಯಬೇಕು, ಇಲ್ಲದಿದ್ದರೆ ಆ ಬಾಗಿಲು ತೆರೆಯುವುದೇ ಇಲ್ಲ, ಮತ್ತೆ ಅದೇ ತುಕ್ಕು. ಭಾವನಿಗೆ ನನ್ನ ಹೆಸರು ಹೇಳಿ, ಮೆಕ್ಯಾನಿಕ್ ಹೇಳಿದ್ದಾರೆ ಅಂತ. ಓವರ್‌ಸ್ಪೀಡ್ ಫೈನ್ ಬಂದರೆ ಮಾತ್ರ ನನ್ನ ಹೆಸರು ಬೇಡ.